ಮೂರನೇ ತಿರುವಿನ ಹಳದಿ ಕಲ್ಲು

ನಮ್ಮನೆಯವರು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ, ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಮಾತು.

“ಅಲ್ಲಾ, ಅಷ್ಟು ದೊಡ್ಡ ಕಲ್ಲು ಕಾಣಲಿಲ್ವಾ?”

ಅವರು ಕೊಟ್ಟಿದ್ದೂ ಒಂದೇ ಉತ್ತರ. “ಕಂಡಿತ್ತು. ಚೆನ್ನಾಗೇ ಕಂಡಿತ್ತು. ಅದನ್ನೇ ನೋಡ್ತಾ ಹೋದೆ.”

ಬಂದವರು ನನ್ನ ಮುಖ ನೋಡುತ್ತಿದ್ದರು. ನಾನು ಗೋಡೆ ನೋಡುತ್ತಿದ್ದೆ. ಕಂಡ ಕಲ್ಲಿಗೆ ಯಾರಾದರೂ ಹೋಗಿ ಗುದ್ದುತ್ತಾರೆಯೇ? ಇವರು ಸುಳ್ಳು ಹೇಳುವವರಲ್ಲ. ಕಣ್ಣೂ ಚೆನ್ನಾಗಿದೆ, ಸೂಜಿಗೆ ದಾರ ಪೋಣಿಸಿಕೊಡುವಷ್ಟು ಚೆನ್ನಾಗಿದೆ. ಹಾಗಿದ್ದರೆ ಆದದ್ದೇನು? ನನಗೆ ತಲೆಬುಡ ತಿಳಿಯಲಿಲ್ಲ.

ನಮ್ಮ ಬೀದಿ ಗುಡ್ಡದ ಬುಡದಲ್ಲಿದೆ, ಆಸ್ಪತ್ರೆ ಗುಡ್ಡದ ಮೇಲಿದೆ. ನಡುವೆ ಐದು ತಿರುವು. ಮೂರನೆಯದರ ಹೊರ ಅಂಚಿನಲ್ಲಿ, ಎಮ್ಮೆ ಮಲಗಿದಂತೆ ಆ ಕಲ್ಲು. ನಾನು ಮನೆಯಲ್ಲೇ ಹೊಲಿಗೆ ಹಾಕುವವಳು. ಆಸ್ಪತ್ರೆಯ ಹೊದಿಕೆ, ದಿಂಬಿನ ಚೀಲ, ಆಪರೇಷನ್ ಗೌನು ಎಲ್ಲ ನನ್ನ ಮಿಷನ್ನಿನ ಮೇಲೆಯೇ ಆಗುವುದು. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಒಂಬತ್ತರೊಳಗೆ ಗಂಟು ಮೇಲೆ ಹೋಗಬೇಕು. ಒಯ್ಯುತ್ತಿದ್ದವರು ನಮ್ಮನೆಯವರು. ದಿನಕ್ಕೆ ಇರುವ ಒಂದೇ ಬಸ್ಸು ಬರುವುದು ಮಧ್ಯಾಹ್ನ, ಆ ಹೊತ್ತಿಗೆ ಸ್ಟೋರು ಮುಚ್ಚಿರುತ್ತದೆ.

ಇವರು ಮಂಚ ಹಿಡಿದ ಮೇಲೆ ಎರಡು ಸಲ ಗಂಟು ಹೋಗಲಿಲ್ಲ. ಆಸ್ಪತ್ರೆಯ ಸ್ಟೋರಿನವರು ಫೋನ್ ಮಾಡಿದರು.

“ಅಮ್ಮಾ, ನಿಮ್ಮ ಹೊಲಿಗೆಗೆ ಹೆಸರಿಡೋ ಹಾಗಿಲ್ಲ. ಆದ್ರೆ ಗೌನಿಲ್ಲ ಅಂತ ಡಾಕ್ಟ್ರು ಕೈಕಟ್ಟಿ ಕೂರೋಕಾಗತ್ತಾ? ಇನ್ನು ಮೂರು ವಾರ ಹೇಗೋ ಸುಧಾರಿಸ್ತೀನಿ. ಆಮೇಲೆ ಬರೋ ಗುರುವಾರ ಗಂಟು ಬರ್ಲಿಲ್ಲ ಅಂದ್ರೆ ಕೆಲಸ ಬೇರೆಯವರಿಗೆ ಕೊಡ್ಬೇಕಾಗತ್ತೆ. ಬೇಜಾರು ಮಾಡ್ಕೋಬೇಡಿ.”

ನಮ್ಮನೆಯವರಿಗೆ ಫ್ರಿಜ್ ರಿಪೇರಿ ಕೆಲಸ; ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಅದು ಆಗದು. ನನ್ನ ಹೊಲಿಗೆಯೂ ಕೈಬಿಟ್ಟರೆ ಮನೆ ನಡೆಯುವುದು ಹೇಗೆ?

ಬೈಕು ರಿಪೇರಿಯಾಗಿ ಅಂಗಳದಲ್ಲೇ ನಿಂತಿತ್ತು. ನನಗೆ ಲೈಸೆನ್ಸೂ ಇತ್ತು. ಪರೀಕ್ಷೆಯ ದಿನ ನಡಿಗೆಯ ವೇಗದಲ್ಲಿ ಎಂಟು ಹಾಕಿ ತೋರಿಸಿದ್ದೆ. ನೇರ ರಸ್ತೆಯಲ್ಲಿ ಓಡಿಸುತ್ತಿದ್ದೆ. ತಿರುವು ಬಂದರೆ ಮಾತ್ರ ಇಳಿದು ತಳ್ಳಿಕೊಂಡು ಹೋಗುತ್ತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮ ಮಾವ ಬೋರ್ಡು ಬರೆಯುವವರು. ಬೀದಿಯವರಿಗೆಲ್ಲ ಅವರು ಬೋರ್ಡು ಮಾವ. ಮಗ ಬಿದ್ದ ವಾರವೇ ಅವರು ಡಬ್ಬ, ಬ್ರಷ್ಷು ಹೊತ್ತು ಮೂರನೇ ತಿರುವಿಗೆ ಹೋದರು. ಅರ್ಧ ದಿನ ಕೂತು ಕಲ್ಲಿಗೆ ಹಳದಿ ಬಣ್ಣ ಬಳಿದು, ಕೆಂಪಿನಲ್ಲಿ ಬರೆದರು: ‘ಕಲ್ಲು ಇದೆ! ನೋಡಿ!’ ಜೊತೆಗೆ ಎರಡು ದೊಡ್ಡ ಕಣ್ಣುಗಳನ್ನೂ ಬಿಡಿಸಿದರು.

“ಇನ್ನು ಕಣ್ಣು ಮುಚ್ಕೊಂಡು ಬಂದ್ರೂ ಕಾಣತ್ತೆ” ಎಂದರು. ಅಷ್ಟು ಚೆನ್ನಾಗಿತ್ತು ಅಕ್ಷರ.

ನಾನು ಬೈಕು ಕಲಿಯುತ್ತೇನೆ ಎಂದಾಗ ಮನೆಯಲ್ಲಿ ಇಬ್ಬರು ಗುರುಗಳು ಹುಟ್ಟಿಕೊಂಡರು.

“ತಿರುವಲ್ಲಿ ಬ್ರೇಕ್ ಮುಟ್ಟಬೇಡ ಕಣೇ” ಎಂದರು ನಮ್ಮನೆಯವರು, ಮಂಚದಿಂದ.

“ಬ್ರೇಕ್ ಹಿಡಿದೇ ತಿರುಗಿಸಮ್ಮ. ಇವನ ಮಾತು ಕೇಳ್ಬೇಡ” ಎಂದರು ಮಾವ, ಬಾಗಿಲಿಂದ.

“ಬೈಕನ್ನ ಸ್ವಲ್ಪ ವಾಲಿಸ್ಬೇಕು.”

“ವಾಲಿಸಿದ್ರೆ ಬೀಳಲ್ವೇನೋ?”

“ವಾಲಿಸದಿದ್ರೆ ಬೀಳೋದಪ್ಪಾ.”

“ನೀನು ವಾಲಿಸಿದ್ಯಾ?”

“ವಾಲಿಸ್ದೆ.”

“ಮತ್ತೆ ಬಿದ್ಯಲ್ಲ?”

ನಮ್ಮನೆಯವರು ಗೋಡೆ ಕಡೆ ತಿರುಗಿದರು. ನಾನು ಅಳತೆ ಬರೆಯುವ ಪುಸ್ತಕ ತೆಗೆದು ಒಂದು ಪುಟದಲ್ಲಿ ‘ಹಿಡಿ’ ಎಂದೂ ಎದುರು ಪುಟದಲ್ಲಿ ‘ಹಿಡಿಯಬೇಡ’ ಎಂದೂ ಬರೆದುಕೊಂಡೆ. ಎರಡನ್ನೂ ಹತ್ತು ಸಲ ಓದಿದೆ. ಯಾವುದನ್ನು ಹೊಡೆದುಹಾಕಬೇಕೆಂದು ತಿಳಿಯದೆ ಪುಸ್ತಕ ಮುಚ್ಚಿಟ್ಟೆ.

ಭಾನುವಾರ ಬೆಳಿಗ್ಗೆ ರಸ್ತೆ ಖಾಲಿಯಿರುವ ಹೊತ್ತಿಗೆ ಹೊರಟೆವು. ಮಾವ ಮುಂಚೆಯೇ ನಡೆದು ಹೋಗಿ ಕಲ್ಲಿನ ಆಚೆ ನಿಂತಿದ್ದರು. ಮೊದಲ ಎರಡು ತಿರುವಿನಲ್ಲಿ ಇಳಿದು ತಳ್ಳಿದೆ. ಮೂರನೆಯದಕ್ಕೆ ಬಂದಾಗ, ಇಲ್ಲಿ ಮಾವ ಇದ್ದಾರಲ್ಲ ಎಂಬ ಧೈರ್ಯದಿಂದ ಇಳಿಯಲಿಲ್ಲ.

“ನೋಡ್ಕೊಂಡು ಬಾರಮ್ಮಾ!”

“ಏನನ್ನ ಮಾವ?”

“ಕಲ್ಲು! ಕಲ್ಲು ನೋಡು!”

ಹಿರಿಯರ ಮಾತು, ನೋಡಿದೆ. ಹಳದಿ ಕಲ್ಲು, ಕೆಂಪು ಅಕ್ಷರ, ಎರಡು ಕಣ್ಣು. ನಾನು ಹ್ಯಾಂಡಲ್ಲನ್ನು ರಸ್ತೆಯ ಕಡೆಗೇ ತಿರುಗಿಸುತ್ತಿದ್ದೇನೆ ಎಂದುಕೊಂಡಿದ್ದೆ. ಬೈಕು ಮಾತ್ರ ದಾರದಿಂದ ಎಳೆದ ಹಾಗೆ ಕಲ್ಲಿನ ಕಡೆಗೇ ಹೋಗುತ್ತಿತ್ತು. ಗಾಬರಿಯಾಗಿ ಬ್ರೇಕನ್ನು ಒಮ್ಮೆಲೇ ತುಳಿದೆ. ಹಿಂದಿನ ಗಾಲಿ ಜಾರಿ ಬೈಕು ಮಲಗಿತು, ನಾನೂ ಮಲಗಿದೆ. ಹೆಲ್ಮೆಟ್ಟು ಹೋಗಿ ಕಲ್ಲಿಗೆ ಬಡಿಯಿತು. ಗಲ್ಲದ ಪಟ್ಟಿ ಬಿಗಿಯಾಗಿ ಹಾಕಿದ್ದರಿಂದ ತಲೆ ಉಳಿಯಿತು. ಮೊಣಕೈ ತರಚಿತು. ಹೆಲ್ಮೆಟ್ಟಿನ ಮೇಲೆ ಉದ್ದಕ್ಕೆ ಒಂದು ಹಳದಿ ಗೀರು.

“ಕಲ್ಲು ನೋಡು ಕಲ್ಲು ನೋಡು ಅಂತ ಬಡ್ಕೊಂಡೆನಲ್ಲಮ್ಮಾ!” ಮಾವ ಓಡಿ ಬಂದು ಬೈಕು ಎತ್ತಿದರು.

“ನೋಡ್ದೆ ಮಾವ!”

ಮನೆಗೆ ತಳ್ಳಿಕೊಂಡು ಬಂದಾಗ ನಮ್ಮನೆಯವರು ನನ್ನ ಮೊಣಕೈ ನೋಡಿ ಎದ್ದು ಕೂತರು. “ಅಲ್ಲಾ, ಅಷ್ಟು ದೊಡ್ಡ ಕಲ್ಲು ಕಾಣಲಿಲ್ವೇನೇ ನಿಂಗೆ?”

ಕೇಳಿದ ಮೇಲೆ ಅವರಿಗೇ ತಮ್ಮ ಮಾತು ಕೇಳಿಸಿತು. 

ಅಂದು ಸಂಜೆ ಸಿಸ್ಟರ್ ಬಂದರು. ಗುಡ್ಡದ ಆಸ್ಪತ್ರೆಯ ನರ್ಸ್ ಅವರು; ಹನ್ನೊಂದು ವರ್ಷದಿಂದ ಅದೇ ರಸ್ತೆಯಲ್ಲಿ ಬೈಕಿನಲ್ಲಿ ಓಡಾಡುವವರು. ಬೈಕಿನ ಹಿಂದೆ ಔಷಧದ ಪೆಟ್ಟಿಗೆ ಇರುವುದರಿಂದ ನನ್ನ ಗಂಟಿಗೆ ಅಲ್ಲಿ ಜಾಗವಿರಲಿಲ್ಲ. ನಮ್ಮನೆಯವರ ಇನ್ನೊಂದು ಮೊಣಕಾಲಿನ ಗಾಯಕ್ಕೆ ಪಟ್ಟಿ ಬದಲಾಯಿಸಲು ವಾರಕ್ಕೆರಡು ಸಲ ಬರುತ್ತಿದ್ದರು. ಊರಿಗೆಲ್ಲ ಸಿಸ್ಟರ್, ನನಗೆ ಅಕ್ಕ. ಮೊಳೆಗೆ ನೇತುಹಾಕಿದ್ದ ಹೆಲ್ಮೆಟ್ಟು ನೋಡಿ ನಿಂತರು.

“ಓಹೋ, ಈ ಮನೆಗೂ ಬಂತಾ ಹಳದಿ!”

“ಅಂದ್ರೆ ಏನಕ್ಕಾ?”

“ಮೂರನೇ ತಿರುವಲ್ಲಿ ಬಿದ್ದವರಿಗೆ ಪಟ್ಟಿ ಕಟ್ಟೋಳು ನಾನೇ ತಾನೇ. ಮುಂಚೆ ವರ್ಷಕ್ಕೆ ಒಬ್ಬರೋ ಇಬ್ಬರೋ ಬರ್ತಿದ್ರು. ಕಲ್ಲಿಗೆ ಬಣ್ಣ ಬಿದ್ದ ಮೇಲೆ ಎರಡೇ ವಾರದಲ್ಲಿ ಇಬ್ಬರು ಬಂದ್ರು. ಒಬ್ಬರ ಪ್ಯಾಂಟಿಗೆ ಹಳದಿ, ಒಬ್ಬರ ಮಡ್‌ಗಾರ್ಡಿಗೆ ಹಳದಿ. ಈಗ ನಿನ್ನ ತಲೆಗೆ.”

ಮೂಲೆಯಲ್ಲಿ ಬ್ರಷ್ಷು ತೊಳೆಯುತ್ತಿದ್ದ ಮಾವನ ಕೈ ನಿಂತಿತು. “ಅಂದ್ರೆ ನನ್ನ ಅಕ್ಷರ ಸರಿಯಿಲ್ಲ ಅಂತೀಯೇನಮ್ಮಾ?”

“ಅಕ್ಷರ ಬಹಳ ಸರಿಯಾಗಿದೆ, ಅದೇ ಬಂದಿರೋ ತೊಂದರೆ. ಕಣ್ಣು ಕೀಳೋಕೇ ಆಗಲ್ಲ. ತಿರುವಲ್ಲಿ ಕಣ್ಣು ಎಲ್ಲಿ ಅಂಟ್ಕೊಳ್ಳತ್ತೋ, ಬೈಕು ಅಲ್ಲಿಗೇ ಹೋಗತ್ತೆ. ಬಿದ್ದವರೆಲ್ಲ ನನ್ನ ಮುಂದೆ ಹೇಳೋದು ಇದೇ ಮಾತು: ಸಿಸ್ಟರ್, ಅದನ್ನೇ ನೋಡ್ತಿದ್ದೆ.”

“ನಾನು ಹೇಳಿರ್ಲಿಲ್ವಾ?” ಎಂದರು ನಮ್ಮನೆಯವರು, ಮಂಚದಿಂದ.

ಮಾವ ಒಪ್ಪಲಿಲ್ಲ. “ಚೆನ್ನಾಗಿದೆ ನಿನ್ನ ಮಾತು! ಹುಟ್ಟಿದಾಗಿಂದ ನೋಡ್ಕೊಂಡು ಹೋಗು, ನೋಡ್ಕೊಂಡು ಹೋಗು ಅಂತ ಕೇಳಿ ಬೆಳೆದೋರು ನಾವು. ನೀನು ನೋಡ್ಬೇಡ ಅಂತೀಯ. ಹಾಗಾದ್ರೆ ಕಣ್ಣಿಗೆ ಬಟ್ಟೆ ಕಟ್ಕೊಂಡು ಹೋಗೋದಾ? ಬಟ್ಟೆಗೇನು ಬರ ಇಲ್ಲ ಈ ಮನೇಲಿ!”

ನನಗೂ ತಲೆ ಇನ್ನಷ್ಟು ಕೆಟ್ಟಿತು. “ಅಕ್ಕಾ, ಬ್ರೇಕ್ ಹಿಡಿ ಅಂತಾರೆ ಮಾವ. ಹಿಡೀಬೇಡ ಅಂತಾರೆ ಇವರು. ನೋಡು ಅಂತಾರೆ. ನೀವು ನೋಡ್ಬೇಡ ಅಂತೀರಿ. ನಾನು ಯಾರ ಮಾತು ಕೇಳ್ಲಿ?”

ಸಿಸ್ಟರ್ ಮಿಷನ್ನಿನ ಕಡೆ ಕೈ ತೋರಿಸಿದರು. ಅದರ ಮೇಲೆ ಅರ್ಧ ಹೊಲಿದ ಗೌನು ಇತ್ತು. “ಅದರ ಕುತ್ತಿಗೆ ಹೊಲಿ ನೋಡೋಣ.”

“ಈಗಲಾ?”

“ಹೂಂ, ಈಗಲೇ.”

ಕೂತು ಹೊಲಿದೆ. ಕುತ್ತಿಗೆಯ ಸುತ್ತು ತಿರುಗಿ ಈಚೆ ಬಂತು.

“ಸೂಜಿ ನೋಡ್ತಿದ್ಯಾ?”

“ಇಲ್ಲಕ್ಕ. ಸೂಜಿ ನೋಡಿದ್ರೆ ಹೊಲಿಗೆ ಸೊಟ್ಟ ಆಗತ್ತೆ. ಬಟ್ಟೆ ಅಂಚು ಮುಂದೆ ಎಲ್ಲಿ ತಿರುಗತ್ತೆ ಅಂತ ನೋಡ್ಬೇಕು. ಹೊಸಬರು ಸೂಜೀನೇ ನೋಡ್ತಾರೆ.”

“ಸೂಜಿ ಇದೆ ಅಂತ ನಿಂಗೆ ಗೊತ್ತಿರತ್ತಲ್ವಾ?”

“ಗೊತ್ತಿರದೆ ಏನು. ಬೆರಳು ಅಲ್ಲೇ ಇರತ್ತಲ್ಲ.”

“ಕಾಲು? ಪೆಡಲ್ ಹೇಗೆ ತುಳಿದೆ?”

“ಸುತ್ತು ಬರೋಕೆ ಮುಂಚೆನೇ ನಿಧಾನ ಮಾಡ್ದೆ. ಸುತ್ತಿನ ಮಧ್ಯೆ ಒಂದೇ ಸಮ ತುಳಿತಾ ಇರ್ಬೇಕು. ಮಧ್ಯದಲ್ಲಿ ತಟ್ಟಂತ ನಿಲ್ಲಿಸಿದ್ರೆ ದಾರ ಗಂಟು ಹಾಕ್ಕೊಳ್ಳತ್ತೆ.”

ಹೇಳುತ್ತ ಹೇಳುತ್ತ ನನ್ನ ಮಾತು ನಿಧಾನವಾಯಿತು. ಸಿಸ್ಟರ್ ನಗುತ್ತಿದ್ದರು.

“ನಿಮ್ಮ ಮಾವ ಹೇಳಿದ್ದೂ ಸರಿ, ಯಜಮಾನ್ರು ಹೇಳಿದ್ದೂ ಸರಿ. ಎಲ್ಲಿ ಅನ್ನೋದನ್ನ ಮಾತ್ರ ಇಬ್ರೂ ಹೇಳ್ಲಿಲ್ಲ. ತಿರುವಿಗೆ ಮುಂಚೆ, ಬೈಕು ನೆಟ್ಟಗಿರೋವಾಗ, ಎರಡೂ ಬ್ರೇಕು ಮೆತ್ತಗೆ ಹಿಡಿ. ವೇಗ ಇಳಿಸು, ಗೇರು ಇಳಿಸು. ಒಳಗೆ ಹೋದ ಮೇಲೆ ಗಟ್ಟಿಯಾಗಿ ಹಿಡೀಬೇಡ.”

ನಾನು ಅಳತೆ ಪುಸ್ತಕ ತೆಗೆದೆ. ಒಂದು ಪುಟದ ಮೇಲೆ ‘ತಿರುವಿಗೆ ಮುಂಚೆ’ ಎಂದೂ ಎದುರು ಪುಟದ ಮೇಲೆ ‘ತಿರುವಿನ ಒಳಗೆ’ ಎಂದೂ ಬರೆದೆ. ಯಾವುದನ್ನೂ ಹೊಡೆದುಹಾಕಬೇಕಾಗಲಿಲ್ಲ.

“ಕಲ್ಲಿನ ವಿಷಯ ಹೇಳು ಮೊದ್ಲು” ಎಂದರು ಮಾವ.

“ಕಲ್ಲಿದೆ ಅಂತ ಒಂದು ಸಲ ನೋಡಿ, ಬಿಟ್ಬಿಡಬೇಕು. ಆಮೇಲೆ ಗಲ್ಲ ಎತ್ತಿ, ತಿರುವು ಮುಗಿದು ನಾವು ಎಲ್ಲಿಗೆ ಹೋಗಬೇಕೋ ಆ ಜಾಗ ನೋಡ್ಬೇಕು. ತಿರುವಿನ ಕೊನೆ ಕಾಣ್ಲಿಲ್ಲ ಅಂದ್ರೆ ಇನ್ನೂ ನಿಧಾನ. ಕಾಣೋವಷ್ಟು ರಸ್ತೇಲಿ ನಿಲ್ಲಿಸೋಕಾಗೋ ವೇಗ ಇರ್ಬೇಕು, ಅಷ್ಟೆ.”

“ಎಲ್ಲ ಪುಸ್ತಕದ ಮಾತು” ಎಂದು ಮಾವ ಎದ್ದು ಹೋದರು.

ಮರುದಿನದಿಂದ ಬೀದಿಯ ಕೊನೆಯ ಖಾಲಿ ಮೈದಾನದಲ್ಲಿ ಪಾಠ ಶುರುವಾಯಿತು. ಸಿಸ್ಟರ್ ನನ್ನ ಖಾಲಿ ದಾರದ ರೀಲುಗಳನ್ನೇ ಸಾಲಾಗಿ ನಿಲ್ಲಿಸಿ ತಿರುವು ಮಾಡಿದರು. ಮೊದಲ ದಿನ ಬೈಕನ್ನೇ ಕೊಡಲಿಲ್ಲ. ತಿರುವಿನ ಕೊನೆ ನೋಡುತ್ತ ನಡೆಸಿದರು. ಎರಡನೇ ದಿನ ಬೈಕು ಕೊಟ್ಟರು. ನಾನು ಮೊದಲ ರೀಲನ್ನೇ ದಿಟ್ಟಿಸಿ ನೋಡಿ ನೇರ ಅದರ ಮೇಲೇ ಹತ್ತಿಸಿದೆ.

“ಏನು ನೋಡ್ತಿದ್ದೆ?”

“ದಾರದ ರೀಲು.”

“ಮತ್ತೆ?”

“ಅಕ್ಕಾ, ತಲೆಗೆ ಗೊತ್ತಾಗಿದೆ. ಕಣ್ಣು ಮಾತು ಕೇಳ್ತಿಲ್ಲ.”

“ಕೇಳತ್ತೆ. ಮೂಗು ಎತ್ತ, ಕಣ್ಣು ಅತ್ತ. ಗಲ್ಲ ಎತ್ತು! ಭುಜ ಸಡಿಲ ಬಿಡು, ಮೊಣಕಾಲಲ್ಲಿ ಟ್ಯಾಂಕು ಹಿಡ್ಕೊ. ಎತ್ತ ತಿರುಗ್ಬೇಕೋ ಆ ಕಡೆ ಕೈಯನ್ನ ಮೆಲ್ಲಗೆ ಮುಂದಕ್ಕೆ ಒತ್ತು. ಬೈಕು ತಾನೇ ವಾಲತ್ತೆ.”

ತಿರುಗಬೇಕಾದ ಕಡೆಯ ಹಿಡಿಯನ್ನು ಮುಂದಕ್ಕೆ ಒತ್ತಬೇಕು ಎಂಬುದು ನನಗೆ ಉಲ್ಟಾ ಎನಿಸಿತು. ಒತ್ತಿದರೆ ಬೈಕು ಸರಿಯಾಗಿಯೇ ವಾಲುತ್ತಿತ್ತು. ಯಾಕೆ ಎಂದು ಇಂದಿಗೂ ಬಿಡಿಸಿ ಹೇಳಲಾರೆ. ಒಂದು ವಾರ ಇಡೀ ಬೀದಿ ನನ್ನನ್ನು ಕಂಡರೆ “ಗಲ್ಲ ಎತ್ತಮ್ಮಾ!” ಎನ್ನುತ್ತಿತ್ತು, ನಾನು ನಲ್ಲಿಯ ಹತ್ತಿರ ನಿಂತಿದ್ದರೂ.

ಎರಡನೇ ವಾರ ಮೊದಲ ಎರಡು ತಿರುವು ಬಂದವು. ಮೂರನೇ ವಾರ ಸಿಸ್ಟರ್ ಹಿಂದೆ ಹಿಂದೆಯೇ ಹೋಗಿ ಐದನ್ನೂ ದಾಟಿದೆ. ಒಬ್ಬಳೇ ಹೋಗಿರಲಿಲ್ಲ. ಅಷ್ಟರಲ್ಲಿ ಆ ಗುರುವಾರ ಬಂದೇಬಿಟ್ಟಿತು.

ಗೌನಿನ ಗಂಟನ್ನು ಹಿಂದಿನ ಸೀಟಿನ ನಟ್ಟನಡುವೆ, ಎರಡೂ ಕಡೆ ಸಮನಾಗಿರುವಂತೆ ಬಿಗಿದೆ. ಹ್ಯಾಂಡಲ್ಲಿಗೆ ಏನನ್ನೂ ನೇತುಹಾಕಲಿಲ್ಲ. ಗಾಲಿಯ ಗಾಳಿ ಒತ್ತಿ ನೋಡಿದೆ. ಹೆಲ್ಮೆಟ್ಟಿನ ಪಟ್ಟಿ ಹಾಕಿದೆ. ಹಾಕಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಎಳೆದು ನೋಡಿದೆ.

“ನೋಡ್ಕೊಂಡು...” ಎಂದ ನಮ್ಮನೆಯವರು ಮಾತನ್ನು ಅರ್ಧಕ್ಕೇ ನುಂಗಿದರು. “ದಾರಿ ನೋಡ್ಕೊಂಡು ಹೋಗು ಕಣೇ.”

ಮಾವ ಗೇಟು ತೆರೆದರು.

ಮೊದಲನೆಯದು ದಾಟಿತು. ಎರಡನೆಯದೂ ದಾಟಿತು. ಮೂರನೆಯದು ದೂರದಿಂದಲೇ ಹಳದಿಯಾಗಿ ಕಂಡಿತು.  ಮುಂಚೆಯೇ ಬ್ರೇಕು ಹಿಡಿದೆ, ಗೇರು ಇಳಿಸಿದೆ, ಬ್ರೇಕು ಬಿಟ್ಟೆ. ಕಲ್ಲನ್ನು ಒಂದು ಸಲ ನೋಡಿದೆ. ಅದರ ಮೇಲೆ ಮಾವ ಬರೆದದ್ದು ಮಾವನ ದನಿಯಲ್ಲೇ ಕೂಗಿದಂತಾಯಿತು: ನೋಡಿ! ನೋಡಿ! ಹಿರಿಯರ ಮಾತು ಮೀರುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಗಲ್ಲ ಎತ್ತಿದೆ. ತಿರುವಿನ ಆಚೆ ಒಂದು ನೀರಿನ ಟ್ಯಾಂಕು ಇದೆ, ಅದರ ಕಡೆ ಮುಖ ತಿರುಗಿಸಿದೆ. ಅಷ್ಟರಲ್ಲಿ ಮೇಲಿನಿಂದ ಒಂದು ಲಾರಿ ಇಳಿದು ಬಂತು. ನಾನು ನನ್ನ ಬದಿಯಲ್ಲೇ ಇದ್ದೆ, ಅದು ಅದರ ಬದಿಯಲ್ಲಿ ಹೋಯಿತು. ಬೇಗ ದಾಟಲೆಂದು ತಿರುವನ್ನು ನಡುವೆ ಕತ್ತರಿಸಿದ್ದರೆ, ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ನೀರಿನ ಟ್ಯಾಂಕು ಪಕ್ಕಕ್ಕೆ ಬಂತು. ಕಲ್ಲು ಎಲ್ಲಿ ಹೋಯಿತು? ಹಿಂದೆ ಹೋಗಿತ್ತು.

ಸ್ಟೋರಿನವರು ಗೌನು ಬಿಚ್ಚಿ ನೋಡಿದರು. ಆಮೇಲೆ ನನ್ನ ಹೆಲ್ಮೆಟ್ಟು ನೋಡಿದರು. “ಅಯ್ಯೋ, ನೀವೇ ತಂದ್ರಾ? ಹಾಗಾದ್ರೆ ಸೋಮವಾರಕ್ಕೆ ದಿಂಬಿನ ಚೀಲನೂ ಇರ್ಲಿ.”

ಇಳಿಯುವಾಗ ಇನ್ನೂ ನಿಧಾನವಾಗಿ, ಕಡಿಮೆ ಗೇರಿನಲ್ಲಿ ಬಂದೆ. ಇಳಿಜಾರಿನಲ್ಲಿ ಬೈಕಿಗೆ ಆತುರ ಜಾಸ್ತಿ.

ಮಾವ ಗೇಟಿನಲ್ಲೇ ನಿಂತಿದ್ದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಬೈಕನ್ನು ಒಂದು ಸುತ್ತು ಹಾಕಿ ನೋಡಿದರು. ಹೊಸ ಹಳದಿ ಎಲ್ಲೂ ಇರಲಿಲ್ಲ. ಆಮೇಲೆ ಏನೋ ನೆನಪಾದಂತೆ ಕೇಳಿದರು.

“ಹೌದಮ್ಮ, ತಿರುವಿನ ಒಳಗಿಂದ ನನ್ನ ಅಕ್ಷರ ಹೇಗೆ ಕಾಣ್ತಿತ್ತು?”

ಸುಳ್ಳು ಹೇಳಬಹುದಿತ್ತು. “ಗೊತ್ತಿಲ್ಲ ಮಾವ. ನಾನು ನೋಡ್ಲಿಲ್ಲ.”

ನಲವತ್ತು ವರ್ಷ ಬೋರ್ಡು ಬರೆದವರಿಗೆ ಈ ಮಾತನ್ನು ಯಾರೂ ಹೇಳಿರಲಾರರು.  ಅವರು ಒಳಗೆ ಹೋಗಿ, ಹಳೆಯ ತಗಡಿನ ಮೇಲೆ ಮೊಳದಗಲದ ಒಂದು ‘ಠ’ ಬರೆದರು. ಒಂದೇ ಎಳೆತಕ್ಕೆ ಸುತ್ತು ಮುಚ್ಚಿತು. ಬ್ರಷ್ಷು ಹಿಡಿದ ಕೈಯನ್ನು ತಾವೇ ನೋಡುತ್ತ ನಿಂತರು.

“ಬ್ರಷ್ಷಿನ ತುದಿ ನೋಡಿದ್ರೆ ‘ಠ’ ಮೊಟ್ಟೆ ಆಗತ್ತೆ” ಎಂದರು. “ಸುತ್ತು ಹೋಗಿ ಎಲ್ಲಿ ಕೂಡ್ಬೇಕೋ ಆ ಜಾಗ ನೋಡ್ತೀನಿ ನಾನು. ಇದನ್ನ ನಂಗೆ ಯಾರಾದ್ರೂ ಮೊದಲೇ ಹೇಳ್ಬಾರ್ದಾ?”

“ಹೇಳಿದ್ರೆ ಕೇಳ್ತಿದ್ದೆಯಾ ಅಪ್ಪಾ?” ಎಂದರು ನಮ್ಮನೆಯವರು.

“ನೀನು ಸುಮ್ನಿರೋ. ನೋಡಿ ಬಿದ್ದೋನು ನೀನು.”

ಆ ವಾರ ಮಾವ, ಸಿಸ್ಟರ್ ಇಬ್ಬರೂ ಹೋಗಿ ರಸ್ತೆಯ ಕಚೇರಿಯಲ್ಲಿ ಕಲ್ಲು ತೆಗೆಸಿರೆಂದು ಅರ್ಜಿ ಕೊಟ್ಟರು. ಕಚೇರಿಯವರನ್ನು ಕೇಳಿಯೇ ಮಾವ ಕಲ್ಲಿನ ಮೇಲಿನ ಅಕ್ಷರಗಳನ್ನೂ ಆ ಎರಡು ಕಣ್ಣುಗಳನ್ನೂ ಅಳಿಸಿ, ಅಲ್ಲಿ ಬರೀ ಒಂದು ಬಿಳಿ ಪಟ್ಟಿ ಬಳಿದರು. ತಿರುವಿನ ಉದ್ದಕ್ಕೂ ಇದ್ದ ಕಂಬಗಳ ಮೇಲೆ, ದಾರಿ ಎತ್ತ ಹೋಗುತ್ತದೋ ಅತ್ತ ಬಾಣದ ಗುರುತು ಬರೆದರು. ತಿರುವಿಗೆ ಸಾಕಷ್ಟು ಮುಂಚೆ ಒಂದು ಬೋರ್ಡು ನಿಲ್ಲಿಸಿದರು: ‘ಇಲ್ಲೇ ನಿಧಾನ. ಆಮೇಲೆ ದಾರಿಯ ಕೊನೆ ನೋಡಿ.’ ಅವರ ಜೀವಮಾನದಲ್ಲೇ ಇದು ಬಹಳ ಸಣ್ಣ ಅಕ್ಷರದ ಬೋರ್ಡು ಎನ್ನುತ್ತಾರೆ.

ಪ್ಲಾಸ್ಟರ್ ಬಿಚ್ಚಿ ಕಾಲು ಗಟ್ಟಿಯಾದ ಮೇಲೆ ನಮ್ಮನೆಯವರನ್ನು ಹಿಂದೆ ಕೂರಿಸಿಕೊಂಡು ಹೋದೆ, ಅವರ ತಲೆಗೂ ಹೆಲ್ಮೆಟ್ಟು ಹಾಕಿಸಿ. ಮೊದಲ ತಿರುವಿನಲ್ಲೇ ಅವರು ಹೆದರಿ ಆಚೆ ಕಡೆ ವಾಲಿದರು. “ರೀ, ಗೌನಿನ ಗಂಟಿನ ಹಾಗೆ ಕೂತ್ಕೊಳ್ಳಿ!” ಎಂದೆ. ಕೂತರು. ಈಗ ಅದೇ ಮೈದಾನದಲ್ಲಿ, ಅದೇ ದಾರದ ರೀಲುಗಳ ನಡುವೆ ಅವರೂ ಕಲಿಯುತ್ತಿದ್ದಾರೆ.

ಇದನ್ನು ಓದಿದವರೇ, ಕೇಳಿದವರೇ, ಓದಿದ್ದಷ್ಟರಿಂದಲೇ ತಿರುವು ಬಂದುಬಿಡುತ್ತದೆ ಎಂದುಕೊಳ್ಳಬೇಡಿ. ನನಗೆ ಬರಲಿಲ್ಲ. ಬಲ್ಲವರ ಜೊತೆ ಖಾಲಿ ಜಾಗದಲ್ಲಿ, ನಿಧಾನವಾಗಿ, ಬೇಜಾರಾಗುವಷ್ಟು ಸಲ ಅಭ್ಯಾಸ ಮಾಡಿ. ಮರಳು, ಜಲ್ಲಿ, ನೀರು ಇದ್ದರೆ ಇನ್ನೂ ನಿಧಾನ. ತಿರುವಿನಲ್ಲಿ ಯಾರನ್ನೂ ಹಿಂದೆ ಹಾಕಬೇಡಿ. ಹೆಲ್ಮೆಟ್ಟಿನ ಪಟ್ಟಿಯನ್ನು ನನ್ನ ಹಾಗೆ ಎರಡು ಸಲ ಎಳೆದು ನೋಡಿದರೆ ಯಾರೂ ನಗುವುದಿಲ್ಲ, ನಕ್ಕರೂ ಪರವಾಗಿಲ್ಲ.

ಬೈಕು ಓಡಿಸದವರಿಗೂ ಒಂದು ಕೆಲಸ ಇದೆ. ನಾಳೆ ನಿಮ್ಮ ಮನೆಯಿಂದ ಯಾರಾದರೂ ಬೈಕು ಹತ್ತುವಾಗ ‘ನೋಡ್ಕೊಂಡು ಹೋಗು’ ಎನ್ನುತ್ತೀರಿ. ಎನ್ನಿರಿ, ಅದು ಪ್ರೀತಿಯ ಮಾತು. ಏನನ್ನು ನೋಡಬೇಕು ಎಂಬುದನ್ನೂ ಜೊತೆಗೆ ಹೇಳಿ ಕಳಿಸಿ.